ಮೊದಲು ಸಾಲು, ಆಮೇಲೆ ಗಡಿಯಾರ

1920ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆ್ಯಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್‌ನ ಫಲಿತಾಂಶ ಪಟ್ಟಿಯಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರ ಹೆಸರಿನ ಮುಂದೆ ಎರಡು ಅಂಕಿಗಳಿವೆ. ಒಂದು, 19ನೇ ಸ್ಥಾನ. ಇನ್ನೊಂದು, 2 ಗಂಟೆ 50 ನಿಮಿಷ 45.4 ಸೆಕೆಂಡು. ಇಂದು ಬೆಂಗಳೂರಿನ ಉದ್ಯಾನಗಳಲ್ಲಿ ಮುಂಜಾನೆ ಓಡುವ ಯಾರಿಗೆ ಈ ಪಟ್ಟಿ ತೋರಿಸಿದರೂ ಕಣ್ಣು ಮೊದಲು ಹೋಗುವುದು ಎರಡನೆಯ ಅಂಕಿಯ ಕಡೆಗೆ. ಮೂರು ಗಂಟೆಯೊಳಗೆ ಮುಗಿಸಿದ್ದಾರೆ, ಭಲೇ ಎನ್ನುತ್ತಾರೆ. ಆದರೆ ಆ್ಯಂಟ್‌ವರ್ಪ್‌ನ ಅಂದಿನ ದಾರಿ ಇಂದಿನ 42.195 ಕಿ.ಮೀ. ಆಗಿರಲಿಲ್ಲ. ಅದು 42.75 ಕಿ.ಮೀ. ಇತ್ತು. ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. ಚೌಗುಲೆ ಓಡಿದ್ದು ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷದ ಲೆಕ್ಕದಲ್ಲಿ. ಹೆಚ್ಚುವರಿ 555 ಮೀಟರ್ ಕಳೆದರೆ ಅವರ ಸಮಯ ಸುಮಾರು 2 ಗಂಟೆ 48 ನಿಮಿಷ 32 ಸೆಕೆಂಡಿಗೆ ಇಳಿಯುತ್ತದೆ. ಅಂದರೆ ನಾವು ಮೆಚ್ಚಿಕೊಂಡ ಅಂಕಿಯನ್ನು ಇನ್ನೊಂದು ಓಟದ ಪಕ್ಕದಲ್ಲಿಡಬೇಕಾದರೆ ಮೊದಲು ತಿದ್ದಿಕೊಳ್ಳಬೇಕು. 19ನೇ ಸ್ಥಾನಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬೇಕಿಲ್ಲ. ಆ ದಿನ, ಆ ರಸ್ತೆಯಲ್ಲಿ, ಅವರಿಗಿಂತ ಮೊದಲು ಹದಿನೆಂಟು ಜನ ಬಂದರು. ದಾರಿ ಅರ್ಧ ಕಿಲೋಮೀಟರ್ ಹೆಚ್ಚಿರಲಿ ಕಡಿಮೆಯಿರಲಿ, ಆ ಮಾತು ಬದಲಾಗುವುದಿಲ್ಲ.

ರಸ್ತೆ ಓಟದ ಬಗ್ಗೆ ಇಂದು ಚಾಲ್ತಿಯಲ್ಲಿರುವ ತಿಳಿವಳಿಕೆ ಇದಕ್ಕೆ ವಿರುದ್ಧವಾದದ್ದು. ಸಮಯವೇ ಗಟ್ಟಿ, ಏಕೆಂದರೆ ಅದನ್ನು ಗಡಿಯಾರ ಹೇಳುತ್ತದೆ. ಸ್ಥಾನ ಅದೃಷ್ಟದ ಮಾತು, ಅಂದು ಯಾರು ಬಂದಿದ್ದರು ಯಾರು ಬಂದಿರಲಿಲ್ಲ ಎಂಬುದರ ಮೇಲೆ ನಿಂತದ್ದು ಎಂದು ಬಹಳ ಜನ ನಂಬುತ್ತಾರೆ. ನೂರಿಪ್ಪತ್ತು ಚಿಲ್ಲರೆ ವರ್ಷಗಳ ಇತಿಹಾಸ ನೋಡಿದರೆ ನನಗೆ ಕಾಣುವುದು ಬೇರೆ. ರಸ್ತೆ ಓಟದಲ್ಲಿ ಸ್ಥಾನವೇ ಹಳೆಯದು, ಕಣ್ಣಿಗೆ ನೇರವಾಗಿ ಸಿಕ್ಕುವಂಥದ್ದು. ಸಮಯ ಎಂಬುದು ತಡವಾಗಿ, ತುಂಬ ಜನರ ದುಡಿಮೆಯಿಂದ, ಒಪ್ಪಂದದ ಮೇಲೆ ಒಪ್ಪಂದ ಪೇರಿಸಿ ಕಟ್ಟಿಕೊಂಡದ್ದು. ಕಟ್ಟಿಕೊಂಡದ್ದು ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ. ಸೇತುವೆಯೂ ಕಟ್ಟಿದ್ದೇ, ಅದರ ಮೇಲೆ ನಡೆಯಬಹುದು. ಆದರೆ ಅದರ ಕಂಬಗಳು ಎಲ್ಲಿವೆ, ಯಾವಾಗ ನೆಟ್ಟದ್ದು ಎಂದು ತಿಳಿಯದೆ ಅಂಕಿಗಳನ್ನು ಹೋಲಿಸುತ್ತ ಕೂತರೆ ಎಡವುತ್ತೇವೆ.

ಗಡಿಯಾರವಂತೂ ಮೊದಲ ದಿನದಿಂದಲೇ ಇತ್ತಲ್ಲ ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ನಿಜ, ಇತ್ತು. 1896ರಲ್ಲಿ ಅಥೆನ್ಸ್‌ನ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್‌ನ ಸಮಯ 2:58:50 ಎಂದು ದಾಖಲಾಗಿದೆ. ಮರುವರ್ಷ ಬಾಸ್ಟನ್‌ನ ಮೊದಲ ಮ್ಯಾರಥಾನ್‌ನಲ್ಲಿ ಹದಿನೈದು ಜನರ ನಡುವೆ ಗೆದ್ದ ಜಾನ್ ಮೆಕ್‌ಡರ್ಮಟ್‌ನದು 2:55:10. ಆದರೆ ಅಥೆನ್ಸ್‌ನ ದಾರಿ ಅಂದಾಜು 40 ಕಿ.ಮೀ., ಬಾಸ್ಟನ್‌ನದು ಅಂದಾಜು 39. ಒಬ್ಬನಿಗಿಂತ ಇನ್ನೊಬ್ಬ ವೇಗದವನೇ ಎಂದು ಈ ಅಂಕಿಗಳಿಂದ ಕೇಳಲು ಬರುವುದಿಲ್ಲ, ಅಂದು ಯಾರೂ ಹಾಗೆ ಕೇಳಲೂ ಇಲ್ಲ. ಮ್ಯಾರಥಾನ್ ಎಂದರೆ ಒಂದು ಊರಿಂದ ಇನ್ನೊಂದು ಊರಿಗೆ ಓಡುವುದು. ಎಷ್ಟು ದೂರ ಎಂಬುದನ್ನು ಊರುಗಳೇ ತೀರ್ಮಾನಿಸುತ್ತಿದ್ದವು. ಅಂದಿನ ಜಗಳಗಳು ಯಾವುದರ ಬಗ್ಗೆ ನಡೆದವು ಎಂದು ನೋಡಿದರೆ ಜನರಿಗೆ ಯಾವುದು ಮುಖ್ಯವಾಗಿತ್ತು ಎಂಬುದು ತಿಳಿಯುತ್ತದೆ. ಅಥೆನ್ಸ್‌ನಲ್ಲಿ ಮೂರನೆಯವನಾಗಿ ಬಂದ ಬೆಲೋಕಾಸ್ ದಾರಿಯಲ್ಲಿ ಗಾಡಿ ಹತ್ತಿದ್ದನೆಂದು ತಿಳಿದು ಅವನ ಸ್ಥಾನ ಹಂಗೆರಿಯ ಕೆಲ್ನರ್‌ಗೆ ಹೋಯಿತು. 1904ರ ಸೇಂಟ್ ಲೂಯಿಸ್‌ನಲ್ಲಿ ಫ್ರೆಡ್ ಲಾರ್ಜ್ ಮೋಟಾರು ಹತ್ತಿ ಬಂದು ಮೊದಲಿಗನಂತೆ ಕ್ರೀಡಾಂಗಣ ಹೊಕ್ಕ. ಗೆಲುವು ಥಾಮಸ್ ಹಿಕ್ಸ್‌ಗೆ ಸಂದಿತು. 1908ರ ಲಂಡನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಬಿದ್ದು ಎದ್ದು, ಅಧಿಕಾರಿಗಳ ಕೈ ಹಿಡಿದು 2:54:46ಕ್ಕೆ ಗೆರೆ ದಾಟಿದ. ಪರರ ಸಹಾಯ ಪಡೆದನೆಂದು ಅನರ್ಹನಾದ. 2:55:18ಕ್ಕೆ ಬಂದ ಜಾನಿ ಹೇಯ್ಸ್ ಗೆದ್ದ. ಮೂರೂ ಸ್ಥಾನದ ಜಗಳಗಳೇ. ಪಿಯೆಟ್ರಿಯ ಸಮಯವನ್ನು ಯಾರೂ ಅಲ್ಲಗಳೆಯಲಿಲ್ಲ, ಆದರೆ ಸ್ಥಾನವಿಲ್ಲದ ಆ ಸಮಯದಿಂದ ಅವನಿಗೆ ಪದಕ ದಕ್ಕಲಿಲ್ಲ. ಇದೇ ಲಂಡನ್ ಓಟದ ದಾರಿಯ ಉದ್ದವಾದ 26 ಮೈಲಿ 385 ಗಜ ಮುಂದೆ, 1921ರಲ್ಲಿ, ಮ್ಯಾರಥಾನ್‌ನ ಅಧಿಕೃತ ಅಳತೆಯಾಯಿತು. ಚೌಗುಲೆ ಆ್ಯಂಟ್‌ವರ್ಪ್‌ನಲ್ಲಿ ಓಡಿದ್ದು ಆ ತೀರ್ಮಾನಕ್ಕೆ ಒಂದು ವರ್ಷ ಮೊದಲು.

ಕಾಗದದ ಮೇಲೆ ಅಳತೆ ನಿಂತಿತು, ರಸ್ತೆಯ ಮೇಲೆ ನಿಲ್ಲಲಿಲ್ಲ. ಬಾಸ್ಟನ್ ಮ್ಯಾರಥಾನ್ 1924ರಲ್ಲಿ ಹೊಸ ಅಳತೆಗೆ ತಕ್ಕಂತೆ ಆರಂಭದ ಗೆರೆಯನ್ನು ಹಾಪ್‌ಕಿಂಟನ್ ಊರಿಗೆ ಒಯ್ದಿತು. ಆ ವರ್ಷ ಕ್ಲಾರೆನ್ಸ್ ಡಿಮಾರ್ 2:29:40ಕ್ಕೆ ಗೆದ್ದಾಗ ಜಗತ್ತಿನ ಶ್ರೇಷ್ಠ ಸಮಯವೆಂದು ಹೊಗಳಿದರು. ಆಮೇಲೆ ಅಳೆದರೆ ದಾರಿ ಸುಮಾರು 160 ಮೀಟರ್ ಕಡಿಮೆ. 1927ಕ್ಕೆ ಸರಿಪಡಿಸಿದರು. 1950ರ ದಶಕದಲ್ಲಿ ಇನ್ನೂ ದೊಡ್ಡ ಎಡವಟ್ಟಾಯಿತು. ರಸ್ತೆ ದುರಸ್ತಿಗಳಾಗಿ ತಿರುವುಗಳು ನೇರವಾಗುತ್ತ ಹೋದವು. ಓಟದ ದಾರಿ ಯಾರಿಗೂ ತಿಳಿಯದಂತೆ ಕುಗ್ಗಿತು. 1953ರಲ್ಲಿ ಜಪಾನಿನ ಕೈಜೊ ಯಮಡಾ 2:18:51, 1956ರಲ್ಲಿ ಫಿನ್‌ಲೆಂಡಿನ ಆಂಟಿ ವಿಸ್ಕಾರಿ 2:14:14. ಇಷ್ಟು ಬೇಗ ಬರುತ್ತಿದ್ದಾರೆಂದರೆ ಎಲ್ಲೋ ತಪ್ಪಿದೆ ಎಂದು ಅಳೆದು ನೋಡಿದಾಗ ಒಂದು ಕಿಲೋಮೀಟರಿಗೂ ಹೆಚ್ಚು ಕೊರತೆ ಕಂಡಿತು. 1957ರಲ್ಲಿ ಸರಿಪಡಿಸಿದ ದಾರಿಯಲ್ಲಿ ಜಾನ್ ಕೆಲ್ಲಿ ಗೆದ್ದದ್ದು 2:20:05ಕ್ಕೆ. ವಿಸ್ಕಾರಿಗಿಂತ ಆರು ನಿಮಿಷ ನಿಧಾನವೆಂದು ಕಾಣುವ ಆ ಓಟ ನಿಜದಲ್ಲಿ ಅಷ್ಟೇನೂ ಹಿಂದಿನದಲ್ಲ. ಇದರಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಕುಗ್ಗಿದ ದಾರಿಯ ಆ ವರ್ಷಗಳ ಸಮಯಗಳೆಲ್ಲ ಸಂಶಯದ ಕಟಕಟೆಯಲ್ಲಿ ನಿಂತವು. ಸ್ಥಾನಗಳಲ್ಲಿ ಒಂದೂ ಕದಲಲಿಲ್ಲ. ಯಮಡಾ ಇಂದಿಗೂ 1953ರ ಬಾಸ್ಟನ್ ವಿಜೇತ, ವಿಸ್ಕಾರಿ 1956ರ ವಿಜೇತ.

ಸಮಯವನ್ನು ನಂಬಬೇಕಾದರೆ ಮೊದಲು ದಾರಿಯನ್ನು ನಂಬಬೇಕು ಎಂಬುದನ್ನು ಗಂಭೀರವಾಗಿ ತೆಗೆದುಕೊಂಡವರು ಒಲಿಂಪಿಕ್ ಸಮಿತಿಯವರಲ್ಲ, ಹವ್ಯಾಸಿ ಓಟಗಾರರು. ಇಂಗ್ಲೆಂಡಿನ ಜಾನ್ ಜ್ಯುವೆಲ್ 1960ರ ದಶಕದ ಆರಂಭದಲ್ಲಿ ಸೈಕಲ್‌ನಿಂದ ದಾರಿ ಅಳೆಯುವ ಕ್ರಮವನ್ನು ಪರೀಕ್ಷಿಸಿ ಬರೆದರು. ನ್ಯೂಯಾರ್ಕಿನ ಟೆಡ್ ಕಾರ್ಬಿಟ್ ಅದನ್ನು ಓದಿ, ತಾವೂ ಅಳೆದು, 1964ರಲ್ಲಿ ರಸ್ತೆ ಓಟದ ದಾರಿಗಳನ್ನು ಅಳೆಯುವ ಬಗ್ಗೆ ಒಂದು ಪುಸ್ತಿಕೆ ತಂದರು. ಕಾರ್ಬಿಟ್ ವೃತ್ತಿಯಿಂದ ಫಿಸಿಯೊಥೆರಪಿಸ್ಟ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದವರು. 1971ರಲ್ಲಿ ಅಲನ್ ಜೋನ್ಸ್ ಎಂಬ ಎಂಜಿನಿಯರ್ ಸೈಕಲ್‌ನ ಮುಂಗಾಲಿಗೆ ಕೂರಿಸುವ ಪುಟ್ಟ ಎಣಿಕೆ ಯಂತ್ರವನ್ನು ಮಾಡಿದರು. ಅದು ಇಂದಿಗೂ ಜೋನ್ಸ್ ಕೌಂಟರ್ ಎಂದೇ ಪ್ರಸಿದ್ಧ. ಕೆಲಸ ನಡೆಯುವ ಬಗೆ ಹೀಗೆ. ಉಕ್ಕಿನ ಟೇಪಿನಿಂದ ನೇರ ರಸ್ತೆಯಲ್ಲಿ ಕೆಲವು ನೂರು ಮೀಟರ್ ಅಳೆದು ಗುರುತು ಹಾಕುತ್ತಾರೆ. ಆ ಗುರುತುಗಳ ನಡುವೆ ಸೈಕಲ್ ಹಲವು ಸಲ ತುಳಿದು ಒಂದು ಕಿಲೋಮೀಟರಿಗೆ ಎಷ್ಟು ಎಣಿಕೆ ಎಂದು ನಿಗದಿ ಮಾಡಿಕೊಳ್ಳುತ್ತಾರೆ. ಆಮೇಲೆ ಇಡೀ ದಾರಿ ತುಳಿಯುತ್ತಾರೆ, ಮುಗಿಸಿ ಬಂದು ಮತ್ತೆ ಅದೇ ಗುರುತುಗಳ ನಡುವೆ ತುಳಿಯುತ್ತಾರೆ. ಎರಡನೆಯ ಸಲ ಏಕೆಂದರೆ ಬಿಸಿಲೇರಿದಂತೆ ಟಯರಿನ ಗಾಳಿ ಹಿಗ್ಗಿ ಚಕ್ರದ ಸುತ್ತಳತೆ ಬದಲಾಗಿರುತ್ತದೆ. ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯನ್ನೇ ಅಳೆಯಬೇಕು: ತಿರುವುಗಳಲ್ಲಿ ರಸ್ತೆಯಂಚಿನ ಕಲ್ಲಿನಿಂದ 30 ಸೆಂ.ಮೀ. ದೂರದಲ್ಲಿ. ಕೊನೆಗೆ, ಯಾವ ತಪ್ಪೇ ಆದರೂ ದಾರಿ ಕಡಿಮೆಯಾಗದಿರಲಿ ಎಂದು ಸಾವಿರಕ್ಕೆ ಒಂದು ಪಾಲು ಬೇಕೆಂದೇ ಸೇರಿಸುತ್ತಾರೆ. ಮ್ಯಾರಥಾನ್‌ಗೆ ಅದು 42 ಮೀಟರ್. ಕಿಲೋಮೀಟರಿಗೆ ನಾಲ್ಕು ನಿಮಿಷದವನಿಗೆ ಹತ್ತು ಸೆಕೆಂಡು. ಪ್ರಮಾಣೀಕೃತ ದಾರಿಯಲ್ಲಿ ಓಡಿದ ಪ್ರತಿಯೊಬ್ಬರ ಸಮಯದಲ್ಲೂ ಅಳೆಯುವವರ ಈ ಎಚ್ಚರಿಕೆ ಸೇರಿಕೊಂಡಿದೆ ಎಂಬುದು ಹೆಚ್ಚಿನ ಓಟಗಾರರಿಗೆ ಗೊತ್ತಿಲ್ಲ. ಗೊತ್ತಾದವರು ಮುನಿಸಿಕೊಳ್ಳುವುದೂ ಉಂಟು.

ಆ ಎಚ್ಚರಿಕೆ ಏಕೆ ಬೇಕಾಯಿತು ಎಂಬುದಕ್ಕೆ 1981ರ ನ್ಯೂಯಾರ್ಕ್ ಸಾಕ್ಷಿ. ಅಲ್ಬರ್ಟೊ ಸಲಜಾರ್ ಅಂದು 2:08:13ಕ್ಕೆ ಬಂದು ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ 1969ರಲ್ಲಿ ಇದೇ ಆ್ಯಂಟ್‌ವರ್ಪ್‌ನಲ್ಲಿ ಮಾಡಿದ್ದ 2:08:33.6ರ ವಿಶ್ವಶ್ರೇಷ್ಠ ಸಮಯವನ್ನು ಮುರಿದರು. ಕೆಲವು ವರ್ಷಗಳ ಮೇಲೆ ಮರು ಅಳತೆ ಮಾಡಿದಾಗ ದಾರಿ ಸುಮಾರು 148 ಮೀಟರ್ ಕಡಿಮೆ ಎಂದಾಯಿತು. ಸಲಜಾರ್‌ನ ವೇಗದಲ್ಲಿ ಅಷ್ಟು ದೂರಕ್ಕೆ 27 ಸೆಕೆಂಡು ಬೇಕು. ಸೇರಿಸಿದರೆ ಕ್ಲೇಟನ್‌ನ ಸಮಯಕ್ಕಿಂತ ಹಿಂದೆ. ಆದರೆ ಕ್ಲೇಟನ್ ಓಡಿದ ದಾರಿಯ ಉದ್ದದ ಬಗ್ಗೆಯೂ ಹಿಂದಿನಿಂದ ಅನುಮಾನವಿತ್ತು. ಕೊನೆಗೆ ಕಿರೀಟ ಹೋದದ್ದು 1981ರ ಡಿಸೆಂಬರಿನಲ್ಲಿ ಜಪಾನಿನ ಫುಕುವೊಕಾದಲ್ಲಿ 2:08:18ಕ್ಕೆ ಓಡಿದ್ದ ರಾಬರ್ಟ್ ಡಿ ಕ್ಯಾಸ್ಟೆಲಾಗೆ, ಅದೂ ಹಿಂದಿನಿಂದ ಅನ್ವಯಿಸಿ. ಸಲಜಾರ್ 1981ರ ನ್ಯೂಯಾರ್ಕ್ ಗೆದ್ದದ್ದನ್ನು ಯಾವ ಟೇಪೂ ಕಿತ್ತುಕೊಳ್ಳಲಿಲ್ಲ.

ದಾರಿ ಒಂದು ಕಂಬವಾದರೆ ಗೆರೆಯ ಬಳಿಯ ಕೆಲಸ ಇನ್ನೊಂದು. ಸಮಯ ದಾಖಲಿಸುವ ಎಲೆಕ್ಟ್ರಾನಿಕ್ ಚಿಪ್ ಬರುವ ಮೊದಲು ದೊಡ್ಡ ಓಟವೊಂದರ ಫಲಿತಾಂಶ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ವಾದದ ತಿರುಳು ಅಲ್ಲಿದೆ. ಗೆರೆ ದಾಟಿದ ಓಟಗಾರ ಹಗ್ಗ ಕಟ್ಟಿದ ಕಿರಿದಾದ ಓಣಿಯೊಳಗೆ ಹೊಕ್ಕು, ಬಂದ ಕ್ರಮದಲ್ಲೇ, ಒಬ್ಬರ ಹಿಂದೆ ಒಬ್ಬರು ನಡೆಯಬೇಕಿತ್ತು. ಹಿಂದಿನವರು ಮುಂದೆ ನುಗ್ಗದಂತೆ ನೋಡಿಕೊಳ್ಳಲು ಸ್ವಯಂಸೇವಕರು. ಓಣಿಯ ಕೊನೆಯಲ್ಲಿ ಎದೆಯ ಮೇಲಿನ ಸಂಖ್ಯೆಯ ತಳದ ತುಂಡನ್ನು ಹರಿದು, ತಂತಿಗೋ ಮೊಳೆಗೋ ಒಂದರ ಮೇಲೊಂದು ಚುಚ್ಚಿಡುತ್ತಿದ್ದರು. ಸಣ್ಣ ಓಟಗಳಲ್ಲಿ ಕ್ರಮಸಂಖ್ಯೆ ಬರೆದ ಐಸ್‌ಕ್ಯಾಂಡಿ ಕಡ್ಡಿಯನ್ನು ಕೈಗೆ ಕೊಡುವುದೂ ಇತ್ತು. ಅತ್ತ ಗೆರೆಯ ಬಳಿ ಇನ್ನೊಬ್ಬರು ಪ್ರತಿ ದೇಹ ದಾಟಿದಾಗಲೂ ಗುಂಡಿ ಒತ್ತುತ್ತಿದ್ದರು. ಯಂತ್ರ ಸಮಯದ ಉದ್ದನೆಯ ಪಟ್ಟಿಯನ್ನು ಮುದ್ರಿಸುತ್ತಿತ್ತು. ಅವರಿಗೆ ದಾಟಿದ್ದು ಯಾರೆಂದು ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಕೊನೆಗೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು 412ನೇ ತುಂಡಿಗೆ 412ನೇ ಸಮಯವನ್ನು ಅಂಟಿಸಿದರೆ ಫಲಿತಾಂಶ ಸಿದ್ಧ. ಓಣಿಯಲ್ಲಿ ಒಬ್ಬ ತಲೆತಿರುಗಿ ಬಿದ್ದು ಹೊರಗೆ ಹೋದರೆ, ಗುಂಡಿಯನ್ನು ಒಂದು ಸಲ ಹೆಚ್ಚು ಒತ್ತಿದರೆ, ಅಲ್ಲಿಂದ ಮುಂದಿನ ಎಲ್ಲರ ಸಮಯವೂ ಒಂದೊಂದು ಮೆಟ್ಟಿಲು ಜಾರುತ್ತಿತ್ತು. ಹಾಗಾಗಿ ನಡುನಡುವೆ ಯಾರಾದರೊಬ್ಬರ ಸಂಖ್ಯೆ ಮತ್ತು ಸಮಯ ಎರಡನ್ನೂ ಒಟ್ಟಿಗೆ ಬರೆದಿಟ್ಟುಕೊಂಡು ಪಟ್ಟಿಗಳು ಸರಿಯಾಗಿ ಕೂತಿವೆಯೇ ಎಂದು ತಾಳೆ ನೋಡುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಸ್ಥಾನ, ಸರತಿಯಲ್ಲಿ ನಿಂತ ಮೈಗಳ ರೂಪದಲ್ಲಿ. ಆಮೇಲೆ ಆ ಸ್ಥಾನಕ್ಕೆ ಸಮಯ. 412ನೆಯವನ ಸಮಯ ಅವನ ಸಮಯವಾಗುವುದು ಅವನು 412ನೆಯವನಾದ್ದರಿಂದ. 1981ರಲ್ಲಿ ಲಂಡನ್‌ನ ಮೊದಲ ಮ್ಯಾರಥಾನ್‌ನಲ್ಲಿ 6,255 ಜನ ಮುಗಿಸಿದರು. ಎಣಿಕೆಯ ಈ ಬಗೆ ಇಷ್ಟು ದೊಡ್ಡ ಜನಜಾತ್ರೆಯನ್ನೂ ಹೊತ್ತು ಸಾಗುತ್ತಿದ್ದ ಕಾಲವದು. ಅದೇ ಓಟದಲ್ಲಿ ಮುಂದಿದ್ದ ಡಿಕ್ ಬಿಯರ್ಡ್ಸ್‌ಲಿ ಮತ್ತು ಇಂಗೆ ಸಿಮನ್ಸನ್ ಕೈಕೈ ಹಿಡಿದು 2:11:48ಕ್ಕೆ ಜತೆಯಾಗಿ ಗೆರೆ ದಾಟಿ ಮೊದಲ ಸ್ಥಾನವನ್ನು ಹಂಚಿಕೊಂಡರು. ಸ್ಥಾನ ಎಂಬುದು ಓಟಗಾರರ ನಡುವಿನ ಸಂಬಂಧ. ಮನಸ್ಸಿದ್ದರೆ ಹೀಗೆ ಇಬ್ಬರೂ ಸೇರಿ ಬಗೆಹರಿಸಿಕೊಳ್ಳಲೂಬಹುದು.

ಜನ ಹೆಚ್ಚಿದ್ದೇ ಈ ಕ್ರಮಕ್ಕೆ ಮೃತ್ಯುವಾಯಿತು. 1970ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಸೆಂಟ್ರಲ್ ಪಾರ್ಕಿನಲ್ಲಿ ಆರಂಭವಾದಾಗ ಹೆಸರು ಕೊಟ್ಟವರು 127, ಮುಗಿಸಿದವರು 55. ಆರೇ ವರ್ಷದಲ್ಲಿ ಓಟ ನಗರದ ಐದೂ ಭಾಗಗಳಿಗೆ ಹರಡಿ ಸ್ಪರ್ಧಿಗಳು ಎರಡು ಸಾವಿರದ ಸುಮಾರಿಗೆ ಏರಿದರು. 55 ಜನರಲ್ಲಿ 30ನೆಯವನಾಗುವುದಕ್ಕೆ ಅರ್ಥವಿದೆ. ಮೂವತ್ತು ಸಾವಿರದಲ್ಲಿ 17,000ನೆಯವನಾಗುವುದರಲ್ಲಿ ಏನಿದೆ? ಹಾಗಾಗಿ ಹೊಸ ಕಾಲದ ಓಟಗಾರ ತನ್ನನ್ನು ಪಕ್ಕದವನ ಜತೆಗಲ್ಲ, ಕಳೆದ ವರ್ಷದ ತನ್ನ ಜತೆಗೇ ಹೋಲಿಸಿಕೊಳ್ಳತೊಡಗಿದ. ಆ ಹೋಲಿಕೆಗೆ ಸಮಯವೊಂದೇ ಸಾಧನ. ಬಾಸ್ಟನ್ ಈ ಬದಲಾವಣೆಗೆ ಮುದ್ರೆ ಒತ್ತಿತು: ಜನಸಂದಣಿ ತಡೆಯಲು 1970ರಲ್ಲಿ ನಾಲ್ಕು ಗಂಟೆಯೊಳಗೆ ಮುಗಿಸಬಲ್ಲವರಿಗೆ ಮಾತ್ರ ಪ್ರವೇಶ ಎಂದಿತು, ಮರುವರ್ಷ ಅದನ್ನು ಮೂರೂವರೆ ಗಂಟೆಗೆ ಇಳಿಸಿತು. ಒಂದೂರಿನ ಸಮಯ ಇನ್ನೊಂದೂರಿನ ಬಾಗಿಲು ತೆರೆಯುವ ರಹದಾರಿಯಾದದ್ದು ಅಂದಿನಿಂದ. ಇಂದು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಮುಂದಿನ ಗುಂಪಿನಲ್ಲಿ ನಿಲ್ಲಬೇಕಾದರೆ ಹಳೆಯ ಓಟವೊಂದರ ಟೈಮಿಂಗ್ ಸರ್ಟಿಫಿಕೇಟ್ ಕೇಳುವುದೂ ಅದೇ ವಂಶದ ಪದ್ಧತಿ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಸ್ಥಾನವನ್ನೂ ಕದಿಯಬಹುದಲ್ಲ, ಕಳ್ಳತನ ಪತ್ತೆಯಾಗುವುದು ಸಮಯದಿಂದಲೇ ಅಲ್ಲವೇ? 1980ರ ಬಾಸ್ಟನ್‌ನಲ್ಲಿ ರೋಸಿ ರೂಯಿಜ್ 2:31:56ಕ್ಕೆ ಮಹಿಳೆಯರಲ್ಲಿ ಮೊದಲಿಗಳಾಗಿ ಬಂದಳು. ಆರು ತಿಂಗಳ ಹಿಂದೆ ನ್ಯೂಯಾರ್ಕ್‌ನಲ್ಲಿ ಅವಳ ಹೆಸರಿಗಿದ್ದ ಸಮಯ 2:56:29. ಇಪ್ಪತ್ತೈದು ನಿಮಿಷದ ಜಿಗಿತ ಎಲ್ಲರ ಹುಬ್ಬೇರಿಸಿತು. ಹೌದು, ಅನುಮಾನ ಎಬ್ಬಿಸಿದ್ದರಲ್ಲಿ ಸಮಯದ ಪಾಲಿದೆ. ಆದರೆ ಅನುಮಾನವನ್ನು ತೀರ್ಪಾಗಿಸಿದ್ದು ಬೇರೆ. ದಾರಿಯುದ್ದಕ್ಕೂ ಮುಂದಿರುವ ಮಹಿಳೆಯರನ್ನು ಎಣಿಸುತ್ತಿದ್ದವರ ಪಟ್ಟಿಗಳಲ್ಲಿ ಅವಳಿರಲಿಲ್ಲ. ಮುಂದೆ ಓಡುತ್ತಿದ್ದವರು ಅವಳು ತಮ್ಮನ್ನು ಹಿಂದೆ ಹಾಕಿದ್ದನ್ನು ಕಂಡಿರಲಿಲ್ಲ. ಕೊನೆಯ ಭಾಗದಲ್ಲಿ ಜನರ ಗುಂಪಿನಿಂದ ರಸ್ತೆಗೆ ಬಂದದ್ದನ್ನು ಕಂಡವರಿದ್ದರು. ಇವೆಲ್ಲ ಸ್ಥಾನದ ಸಾಕ್ಷ್ಯಗಳು: ಯಾರು ಯಾರ ಹಿಂದೆ, ಯಾರು ಯಾರ ಮುಂದೆ. ಗೆಲುವು ಕೆನಡಾದ ಜಾಕ್ವೆಲಿನ್ ಗಾರೊಗೆ ಬಂತು, 2:34:28. ನ್ಯೂಯಾರ್ಕ್‌ನ ಆ ಹಳೆಯ ಸಮಯವೂ ಆಮೇಲೆ ರದ್ದಾಯಿತು. ಗೆರೆಯ ಬಳಿಯ ಗಡಿಯಾರ ಎರಡೂ ಸಲ ಅವಳನ್ನು ನಂಬಿತ್ತು.

1990ರ ದಶಕದ ನಡುವೆ ನೆದರ್ಲೆಂಡ್ಸ್‌ನಿಂದ ಬಂದ ಚಾಂಪಿಯನ್‌ಚಿಪ್ ಈ ಇಡೀ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಬೂಟಿನ ಲಾಡಿಗೆ ಕಟ್ಟುವ ಪುಟ್ಟ ಬಿಲ್ಲೆ. ನೆಲದ ಮೇಲೆ ಹಾಸಿದ ಮ್ಯಾಟಿನಲ್ಲಿ ಆಂಟೆನಾ. ದಾಟಿದೊಡನೆ ಸಂಖ್ಯೆ ಮತ್ತು ಸಮಯ ಒಟ್ಟಿಗೆ ದಾಖಲು. 1996ರಲ್ಲಿ ನೂರನೆಯ ಬಾಸ್ಟನ್ ಮ್ಯಾರಥಾನ್‌ನಲ್ಲಿ 35,868 ಜನ ಮುಗಿಸಿದಾಗ ಲೆಕ್ಕ ಹಿಡಿದದ್ದು ಇದೇ ಚಿಪ್. ಹಗ್ಗದ ಓಣಿ, ಹರಿದ ತುಂಡು, ತಂತಿ, ಕಡ್ಡಿ ಎಲ್ಲ ಮೂಲೆ ಸೇರಿದವು. ಅದಕ್ಕಿಂತ ದೊಡ್ಡ ಬದಲಾವಣೆ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಈಗ ಪ್ರತಿಯೊಬ್ಬರ ಸಮಯ ಮೊದಲು ಹುಟ್ಟುತ್ತದೆ. ಕಂಪ್ಯೂಟರು ಆ ಸಮಯಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಸ್ಥಾನವನ್ನು ತಯಾರಿಸುತ್ತದೆ. ಸ್ಥಾನ ಕಂಡದ್ದಲ್ಲ, ಲೆಕ್ಕ ಹಾಕಿದ್ದು.

ಚಿಪ್ ಇನ್ನೂ ಒಂದನ್ನು ತಂದಿತು. ಆರಂಭದ ಗೆರೆಗೂ ಮ್ಯಾಟ್ ಹಾಸಿದ್ದರಿಂದ ಪಿಸ್ತೂಲಿನಿಂದ ಎಣಿಸುವ ಗನ್ ಟೈಮ್ ಬೇರೆ, ಗೆರೆಯಿಂದ ಗೆರೆಗೆ ಎಣಿಸುವ ನೆಟ್ ಟೈಮ್ ಬೇರೆ ಆಯಿತು. ಹಿಂದೆ ನಿಂತವರು ಆರಂಭದ ಗೆರೆ ಮುಟ್ಟಲು ಹತ್ತು ನಿಮಿಷ ಬೇಕಾಗಬಹುದು. ಅವರಿಗೆ ಇದು ದೊಡ್ಡ ನ್ಯಾಯ. ಆದರೂ ಜಾಗತಿಕ ಅಥ್ಲೆಟಿಕ್ಸ್ ನಿಯಮ ಇಂದಿಗೂ ಗನ್ ಟೈಮನ್ನೇ ಅಧಿಕೃತವೆನ್ನುತ್ತದೆ. ನೆಟ್ ಟೈಮನ್ನು ಓಟಗಾರರಿಗೆ ತಿಳಿಸಬಹುದು, ಅಷ್ಟೆ. ಇದು ಹಳೆಯ ಕಂದಾಚಾರ ಎಂದು ದೂರುವವರು 2008ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮಹಿಳಾ ಮ್ಯಾರಥಾನ್ ಒಂದರಲ್ಲಿ ಆದದ್ದನ್ನು ನೆನೆಯಬೇಕು. ಮುಂದಿನ ಸಾಲಿನ ಆಯ್ದ ಓಟಗಾರ್ತಿಯರು ಮೊದಲು ಹೊರಟರು. ಅವರಲ್ಲಿ ಒಬ್ಬಾಕೆ ಎಲ್ಲರಿಗಿಂತ ಮುಂಚೆ ಗೆರೆ ದಾಟಿ ಟೇಪು ಹರಿದರು. ಬಹುಮಾನ ಕೊಟ್ಟಾದ ಮೇಲೆ ತಿಳಿಯಿತು, ಸುಮಾರು ಇಪ್ಪತ್ತು ನಿಮಿಷ ತಡವಾಗಿ ಹೊರಟ ಗುಂಪಿನಲ್ಲಿದ್ದ ಶಿಕ್ಷಕಿಯೊಬ್ಬರ ನೆಟ್ ಟೈಮ್ ವಿಜೇತೆಗಿಂತ ಹತ್ತು ನಿಮಿಷಕ್ಕೂ ಹೆಚ್ಚು ಕಡಿಮೆ ಎಂದು. ಗೆದ್ದವರು ಯಾರು? ಒಬ್ಬರ ಎದುರು ಇನ್ನೊಬ್ಬರು ಇದ್ದಾರೆಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮುಂದಿದ್ದಾಕೆ ಇನ್ನಷ್ಟು ಜೋರಾಗಿ ಓಡುತ್ತಿದ್ದರೋ ಏನೋ. ನೂರಾರು ಗಜ ಹಿಂದಿನಿಂದ ಒಬ್ಬ ಬರುತ್ತಿದ್ದಾನೆ ಎಂಬ ಅರಿವಿನಲ್ಲಿ ನಡೆಯುವುದನ್ನು ಸ್ಪರ್ಧೆ ಎನ್ನುತ್ತೇವೆ. ಎರಡು ಬೇರೆ ಓಟಗಳ ಸಮಯ ಹೋಲಿಸುವುದನ್ನು ಎನ್ನುವುದಿಲ್ಲ. ಸಂಘಟಕರು ಕೊನೆಗೆ ಶಿಕ್ಷಕಿಯನ್ನೂ ಗೆದ್ದವರೆಂದು ಮನ್ನಿಸಿ ಕೈತೊಳೆದುಕೊಂಡರು.

ಅತ್ತ ಮುಂಚೂಣಿಯಲ್ಲಿ ಸಮಯವೇ ಮಾತು ಸೋತ ಉದಾಹರಣೆಗಳೂ ಇವೆ. ರಸ್ತೆ ಓಟದಲ್ಲಿ ಸಮಯವನ್ನು ಪೂರ್ಣ ಸೆಕೆಂಡಿಗೆ, ಯಾವಾಗಲೂ ಮೇಲಕ್ಕೆ, ಏರಿಸಿ ಬರೆಯುವುದು ನಿಯಮ. 2025ರ ಸೆಪ್ಟೆಂಬರಿನಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಾಂಜಾನಿಯಾದ ಅಲ್ಫಾನ್ಸ್ ಸಿಂಬು ಮತ್ತು ಜರ್ಮನಿಯ ಅಮನಾಲ್ ಪೆಟ್ರೊಸ್ ಇಬ್ಬರ ಸಮಯವೂ 2:09:48. ಚಿನ್ನ ಸಿಂಬುಗೆ, ಬೆಳ್ಳಿ ಪೆಟ್ರೊಸ್‌ಗೆ. ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಮೂರು ಪಾಲು. ಅದನ್ನು ಬಿಡಿಸಿದ್ದು ಗೆರೆಯ ಮೇಲಿನ ಕ್ಯಾಮೆರಾದ ಚಿತ್ರ, ಅಂದರೆ ಯಾರ ಎದೆ ಮುಂದಿತ್ತು ಎಂಬ ನೋಟ. ಪಟ್ಟಿಯಲ್ಲಿ ಒಂದೇ ಸಮಯ, ಎರಡು ಸ್ಥಾನ.

ಆದರೆ ಸ್ಥಾನವನ್ನು ನಾನು ಇಷ್ಟು ನೇರವಾದದ್ದೆಂದು ಹೊಗಳುವುದಕ್ಕೆ ಇತಿಹಾಸದಲ್ಲೇ ಒಂದು ಕಠಿಣ ಉತ್ತರವಿದೆ. 1966ರಲ್ಲಿ ಬಾಬಿ ಗಿಬ್ ಬಾಸ್ಟನ್‌ನಲ್ಲಿ ಪೊದೆಯ ಮರೆಯಿಂದ ಓಟ ಸೇರಿಕೊಂಡು ಸುಮಾರು 3:21ಕ್ಕೆ ಮುಗಿಸಿದರು. ಓಡಿದ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಅವರ ಹಿಂದಿದ್ದರು. ಅವರಿಗೆ ಸಂಖ್ಯೆ ಇರಲಿಲ್ಲ, ಏಕೆಂದರೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ನೂರಾರು ಜನರನ್ನು ಕಣ್ಣೆದುರೇ ಹಿಂದೆ ಹಾಕಿದರೂ ಸ್ಥಾನ ಶೂನ್ಯ. 1967ರಲ್ಲಿ ಕ್ಯಾಥರಿನ್ ಸ್ವಿಟ್ಜರ್ 261 ಎಂಬ ಸಂಖ್ಯೆ ಧರಿಸಿ ಓಡಿದಾಗ ಅಧಿಕಾರಿಯೊಬ್ಬ ಅದನ್ನು ಕೀಳಲು ಬಂದದ್ದು ಪ್ರಸಿದ್ಧ. ಅಧಿಕೃತವಾಗಿ ಹೆಂಗಸರು ಓಡಿದ್ದು 1972ರಲ್ಲಿ, ಗೆದ್ದವರು ನೀನಾ ಕುಸ್ಸಿಕ್, 3:10:26. ಗಿಬ್‌ರ ಗೆಲುವುಗಳಿಗೆ ಮನ್ನಣೆ ಸಿಕ್ಕಿದ್ದು 1996ರಲ್ಲಿ, ಮೂವತ್ತು ವರ್ಷದ ಮೇಲೆ. ಹಾಗಾಗಿ ಸ್ಥಾನವೂ ತಾನೇ ತಾನಾಗಿ ಹುಟ್ಟುವುದಿಲ್ಲ. ಯಾರನ್ನು ಎಣಿಸಬೇಕು ಎಂದು ಯಾರೋ ತೀರ್ಮಾನಿಸಿರಬೇಕು. ಇದನ್ನು ಒಪ್ಪುತ್ತೇನೆ. ವ್ಯತ್ಯಾಸ ಇಷ್ಟೇ: ಸ್ಥಾನ ತಪ್ಪಾದಾಗ ಆ ತಪ್ಪಿಗೆ ಒಂದು ಮುಖವಿರುತ್ತದೆ, ಗಾಡಿ ಹತ್ತಿದವನದ್ದೋ ಹೊರಗಿಟ್ಟ ಅಧಿಕಾರಿಯದ್ದೋ. ಅದನ್ನು ಬಯಲಿಗೆಳೆಯಬಹುದು, ತಡವಾಗಿಯಾದರೂ ತಿದ್ದಬಹುದು. ಸಮಯದ ತಪ್ಪು ಹಾಗಲ್ಲ. ಟಾರಿನ ಕೆಳಗೆ, ಟಯರಿನ ಗಾಳಿಯಲ್ಲಿ ಅಡಗಿ ಕೂತು, ಸಾವಿರಾರು ಜನರನ್ನು ಒಟ್ಟಿಗೆ ಮೋಸಗೊಳಿಸುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್‌ನ ದಾರಿ 2013ರಿಂದ 2015ರವರೆಗೆ 380 ಮೀಟರ್ ಕಡಿಮೆಯಿತ್ತೆಂದು 2016ರಲ್ಲಿ ಹೊರಬಿದ್ದಾಗ ಸುಮಾರು 24,000 ಜನರ ಸಮಯಗಳು ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡವು. 2021ರಲ್ಲಿ ಬ್ರೈಟನ್‌ನಲ್ಲಿ ಉಲ್ಟಾ: ದಾರಿ 568 ಮೀಟರ್ ಹೆಚ್ಚು.

ಸಾಮಾನ್ಯ ಓಟಗಾರನಿಗೆ ಸಮಯವಲ್ಲದೆ ಬೇರೇನು ಉಳಿದಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಮಯವನ್ನು ಅಪ್ಪಿಕೊಳ್ಳಲು ಒಂದೇ ಬಗೆ ಎಂದೇನಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಆರಂಭವಾದ ಕಾಮ್ರೇಡ್ಸ್ ಓಟವನ್ನು ನೋಡಿ. ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಡರ್ಬನ್ ನಡುವಿನ ಸುಮಾರು 90 ಕಿ.ಮೀ. ದಾರಿ, ಒಂದು ವರ್ಷ ಏರಿಕೆಯ ದಿಕ್ಕಿನಲ್ಲಿ, ಇನ್ನೊಂದು ವರ್ಷ ಇಳಿಕೆಯ ದಿಕ್ಕಿನಲ್ಲಿ. ಉದ್ದವೂ ವರ್ಷವರ್ಷಕ್ಕೆ ಸ್ವಲ್ಪ ಬದಲು. ಹೀಗಿರುವಾಗ ವರ್ಷಗಳ ಸಮಯ ಹೋಲಿಸುವುದು ಸುಲಭವಲ್ಲ. ಕಾಮ್ರೇಡ್ಸ್ ಸಮಯವನ್ನು ಮೆಟ್ಟಿಲುಗಳನ್ನಾಗಿ ಕತ್ತರಿಸಿತು: ಏಳೂವರೆ ಗಂಟೆಯೊಳಗೆ ಬೆಳ್ಳಿ, ಒಂಬತ್ತು ಗಂಟೆಯೊಳಗೆ ಮೊದಲ ವಿಜೇತ ಬಿಲ್ ರೋವನ್ ಹೆಸರಿನ ಪದಕ. ಹನ್ನೆರಡು ಗಂಟೆ ತುಂಬಿದೊಡನೆ ಓಟಗಾರರಿಗೆ ಬೆನ್ನು ಹಾಕಿ ನಿಂತ ಅಧಿಕಾರಿ ಪಿಸ್ತೂಲು ಹಾರಿಸಿದರೆ ಬಾಗಿಲು ಮುಚ್ಚಿತು. ಒಂದು ಹೆಜ್ಜೆ ಹಿಂದಿದ್ದವನ ಹೆಸರು ಮುಗಿಸಿದವರ ಪಟ್ಟಿಗೆ ಹೋಗುವುದಿಲ್ಲ. ಬಹುಕಾಲ ಅಲ್ಲಿ ನೆಟ್ ಟೈಮಿಗೆ ಬೆಲೆಯಿರಲಿಲ್ಲ, ಎಲ್ಲರಿಗೂ ಒಂದೇ ಪಿಸ್ತೂಲು. ಹಿಂದೆ ನಿಂತವರಿಗೆ ಅನ್ಯಾಯವೇ, ಆದರೆ ಎಲ್ಲರೂ ಒಂದೇ ಓಟದಲ್ಲಿದ್ದರು ಎಂಬುದರಲ್ಲಿ ಅನುಮಾನವಿರಲಿಲ್ಲ.

ಬಾಸ್ಟನ್ ಮಾತ್ರ ಸಮಯವನ್ನೇ ರಹದಾರಿ ಮಾಡಿಕೊಂಡಿದ್ದರ ಲೆಕ್ಕವನ್ನು ಈಗ ತೀರಿಸುತ್ತಿದೆ. ಅರ್ಹತಾ ಸಮಯ ಮುಟ್ಟಿದವರೇ ಸೀಟುಗಳಿಗಿಂತ ಹೆಚ್ಚಾದ್ದರಿಂದ 2025ರ ಓಟಕ್ಕೆ ಅದಕ್ಕಿಂತ 6 ನಿಮಿಷ 51 ಸೆಕೆಂಡು ಮುಂದಿದ್ದವರಿಗಷ್ಟೇ ಪ್ರವೇಶ ಸಿಕ್ಕಿತು. ಸೆಕೆಂಡುಗಳಿಗೆ ಹೀಗೆ ಬೆಲೆ ಬಂದರೆ ಸುಲಭದ ಸೆಕೆಂಡುಗಳನ್ನು ಹುಡುಕುವವರೂ ಹುಟ್ಟುತ್ತಾರೆ. ಬೆಟ್ಟದ ಮೇಲಿಂದ ಕೆಳಗೆ ಇಳಿಯುವ ಪ್ರಮಾಣೀಕೃತ ಮ್ಯಾರಥಾನ್‌ಗಳು ಅಮೆರಿಕದಲ್ಲಿ ಜನಪ್ರಿಯವಾದವು. ಅದಕ್ಕೆ ಉತ್ತರವಾಗಿ 2025ರಲ್ಲಿ ಬಾಸ್ಟನ್ ಸಂಘಟಕರು ಹೊಸ ನಿಯಮ ಸಾರಿದರು: 2027ರ ಓಟದಿಂದ, ಒಟ್ಟು 1,500 ಅಡಿ ಇಳಿಯುವ ದಾರಿಯಲ್ಲಿ ಗಳಿಸಿದ ಸಮಯಕ್ಕೆ ಐದು ನಿಮಿಷ, 3,000 ಅಡಿ ಇಳಿದರೆ ಹತ್ತು ನಿಮಿಷ ಸೇರಿಸಲಾಗುವುದು, 6,000 ಅಡಿ ದಾಟಿದರೆ ಲೆಕ್ಕಕ್ಕೇ ಇಲ್ಲ. ಬಾಸ್ಟನ್‌ನ ದಾರಿಯೂ ನೇರವಾಗಿ ಒಂದೂರಿಂದ ಇನ್ನೊಂದೂರಿಗೆ ಹೋಗುವ, ಒಟ್ಟಾರೆ ಇಳಿಜಾರಿನ ದಾರಿಯೇ. ಅದೇ ಕಾರಣಕ್ಕೆ 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ ಓಡಿದ 2:03:02, ಅಲ್ಲಿಯವರೆಗೆ ಯಾರೂ ಓಡದಷ್ಟು ವೇಗದ ಮ್ಯಾರಥಾನ್, ವಿಶ್ವದಾಖಲೆಯ ಪುಸ್ತಕ ಸೇರಲಿಲ್ಲ. ಆ ದಿನ ಅವನು ಮೊದಲಿಗನಾದದ್ದು ಸೇರಿದೆ.